ಹೋಸ್ಟ್ ಮನೆಯಲ್ಲಿ ಒಂದು ವರ್ಷ: ಬೆಂಗಳೂರಿನಿಂದ ಸಿಗುವ ಹೈಸ್ಕೂಲ್ ವಿನಿಮಯ ಸೇವೆಗಳ ವಿಮರ್ಶೆ

ಹೈಸ್ಕೂಲ್ ಮಕ್ಕಳನ್ನು ಒಂದು ವರ್ಷ ಪರದೇಶಕ್ಕೆ ಕಳಿಸುವ ಸಂಸ್ಥೆಗಳ ಪರಿಚಯಸಭೆಯಲ್ಲಿ ಮೊದಲು ತೋರಿಸುವುದು ದೇಶವನ್ನು. ಹಳದಿ ಸ್ಕೂಲ್ ಬಸ್ಸು, ಹಿಮ ಬಿದ್ದ ಮೈದಾನ, ನಗುವ ಮಕ್ಕಳ ಸಾಲು. ಪೋಷಕರು ದೇಶ ನೋಡಿ ಸಹಿ ಹಾಕುತ್ತಾರೆ. ಆ ಹತ್ತು ತಿಂಗಳು ಮಗು ಏಳುವುದು, ಉಣ್ಣುವುದು, ಜ್ವರ ಬಂದರೆ ಮಲಗುವುದು ಮಾತ್ರ ಯಾರದೋ ಒಂದು ಮನೆಯಲ್ಲಿ. ಆದ್ದರಿಂದ ಇಲ್ಲಿ ದೇಶಗಳನ್ನು ತೂಗಿಲ್ಲ. ಆ ಮನೆಯನ್ನು ಹುಡುಕಿಕೊಡುವ ಸೇವೆಯನ್ನು ತೂಗಿದ್ದೇವೆ. ನಮ್ಮ ಅಳತೆಗೋಲು ಒಂದೇ: ಮನೆ ಹೊಂದಲಿಲ್ಲ ಎಂದು ಮಗು ಫೋನ್ ಮಾಡಿದ ದಿನ ಯಾರು ಎತ್ತುತ್ತಾರೆ, ಎಷ್ಟು ಹೊತ್ತಿಗೆ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ?

ಬೆಂಗಳೂರಿನ ಒಂದು ಮನೆಗೆ ಸದ್ಯ ತೆರೆದಿರುವ ದಾರಿಗಳು ಮುಖ್ಯವಾಗಿ ನಾಲ್ಕು.

ರೋಟರಿ ಯೂತ್ ಎಕ್ಸ್‌ಚೇಂಜ್ ಅವುಗಳಲ್ಲಿ ಅತಿ ಕಡಿಮೆ ಖರ್ಚಿನದು. ತಂದೆ ತಾಯಿ ರೋಟರಿ ಸದಸ್ಯರಾಗಿರಬೇಕೆಂಬ ನಿಯಮವಿಲ್ಲ, ಆದರೆ ಒಂದು ಕ್ಲಬ್ ನಿಮ್ಮ ಮಗುವನ್ನು ಶಿಫಾರಸು ಮಾಡಬೇಕು. ಬೆಂಗಳೂರಿನ ಕ್ಲಬ್‌ಗಳು ಈಗ 3191 ಮತ್ತು 3192 ಎಂಬ ಎರಡು ರೋಟರಿ ಜಿಲ್ಲೆಗಳಲ್ಲಿ ಹಂಚಿಹೋಗಿವೆ. ನಿಮ್ಮ ಬಡಾವಣೆಯ ಕ್ಲಬ್ ಯಾವ ಜಿಲ್ಲೆಗೆ ಸೇರಿದೆ, ಆ ಜಿಲ್ಲೆಯಲ್ಲಿ ಯೂತ್ ಎಕ್ಸ್‌ಚೇಂಜ್ ಅಧಿಕಾರಿ ಯಾರು ಎಂದು ಕೇಳುವುದೇ ಮೊದಲ ಹೆಜ್ಜೆ. ಹೋಸ್ಟ್ ಕುಟುಂಬಕ್ಕೆ ಹಣ ಕೊಡುವಂತಿಲ್ಲ. ಅಲ್ಲಿನ ಕ್ಲಬ್ಬೇ ಮಗುವಿಗೆ ತಿಂಗಳಿಗಿಷ್ಟು ಕೈಖರ್ಚು ಕೊಡುತ್ತದೆ. ವಿಮಾನ, ವಿಮೆ, ವೀಸಾ ನಿಮ್ಮ ಖರ್ಚು. ವರ್ಷದಲ್ಲಿ ಸಾಮಾನ್ಯವಾಗಿ ಎರಡು ಮೂರು ಮನೆ ಬದಲಾಗುತ್ತವೆ, ಮತ್ತು ಇದು ಮೊದಲೇ ಗೊತ್ತಿರುವ ಬದಲಾವಣೆ. ಅನೇಕ ಪೋಷಕರು ಇದನ್ನು ಕೊರತೆ ಎಂದುಕೊಳ್ಳುತ್ತಾರೆ. ನಮ್ಮ ಲೆಕ್ಕದಲ್ಲಿ ಇದೇ ರೋಟರಿಯ ದೊಡ್ಡ ಗುಣ. ಒಂದು ಮನೆ ಅಷ್ಟಕ್ಕಷ್ಟೇ ಎನಿಸಿದರೂ ನಾಲ್ಕು ತಿಂಗಳಿಗೆ ಅದು ಮುಗಿಯುತ್ತದೆ, ಬದಲಿಸಿದ್ದಕ್ಕೆ ಯಾರ ಮುಖವೂ ಸಪ್ಪೆಯಾಗುವುದಿಲ್ಲ. ಜೊತೆಗೆ ಹೋಸ್ಟ್ ಕ್ಲಬ್ಬು ಮಗುವಿಗೆ ಒಬ್ಬ ಕೌನ್ಸೆಲರನ್ನು ಕೊಡಬೇಕು, ಆ ವ್ಯಕ್ತಿ ಹೋಸ್ಟ್ ಕುಟುಂಬದವರಾಗಿರಬಾರದು. ಕೊರತೆ ಬೇರೆ ಇದೆ: ಕೆಲಸ ಮಾಡುವವರೆಲ್ಲ ಸ್ವಯಂಸೇವಕರು. ಕ್ಲಬ್ ಚುರುಕಾಗಿದ್ದರೆ ವರ್ಷ ಹಬ್ಬ, ಮಂಕಾಗಿದ್ದರೆ ಇಮೇಲಿಗೆ ಉತ್ತರ ಬರಲು ವಾರ ಹಿಡಿಯುತ್ತದೆ. ದೇಶ ನಿಮ್ಮ ಆಯ್ಕೆಯಂತೆಯೇ ಸಿಗುತ್ತದೆಂಬ ಖಾತ್ರಿಯೂ ಇಲ್ಲ.

ಎಎಫ್‌ಎಸ್ ಎರಡನೆಯದು. 1915ರಲ್ಲಿ ಮೊದಲ ಮಹಾಯುದ್ಧದ ಗಾಯಾಳುಗಳನ್ನು ಸಾಗಿಸಿದ ಆಂಬ್ಯುಲೆನ್ಸ್ ಚಾಲಕರ ಗುಂಪು, 1947ರಿಂದ ಶಾಲಾ ಮಕ್ಕಳ ವಿನಿಮಯ ನಡೆಸುತ್ತಿದೆ. ಭಾರತದ ಕಚೇರಿ ದೆಹಲಿಯಲ್ಲಿದೆ. ಸಾಮಾನ್ಯವಾಗಿ ವರ್ಷಪೂರ್ತಿ ಒಂದೇ ಮನೆ, ಅದಕ್ಕೂ ಹಣ ಸಂದಾಯವಿಲ್ಲ. ನೀವು ಕಟ್ಟುವ ಶುಲ್ಕ ಸಂಸ್ಥೆಯ ವ್ಯವಸ್ಥೆಗೆ ಹೋಗುತ್ತದೆ. ಹೊರಡುವ ಮುನ್ನ, ತಲುಪಿದ ಮೇಲೆ, ನಡುವರ್ಷದಲ್ಲಿ, ಮರಳುವ ಮುನ್ನ ಹೀಗೆ ಹಂತಹಂತವಾಗಿ ಓರಿಯೆಂಟೇಶನ್ ಶಿಬಿರಗಳಿರುವುದು ಇದರ ಬಲ. ಮನೆಯಿಂದ ಒಂದು ರಾತ್ರಿಯೂ ದೂರ ಇರದ ಮಗುವಿಗೆ ಈ ಚೌಕಟ್ಟು ಬೇಕು. ಅಮೆರಿಕ ಸರ್ಕಾರವೇ ಖರ್ಚು ಭರಿಸುವ ಕೆನಡಿ–ಲೂಗರ್ ಯೆಸ್ ಎಂಬ ವಿದ್ಯಾರ್ಥಿವೇತನ 2002ರಲ್ಲಿ ಹುಟ್ಟಿದ್ದು, ಭಾರತದಿಂದ ಅದಕ್ಕೆ ಆಯ್ಕೆಯಾದ ಮಕ್ಕಳು ಎಎಫ್‌ಎಸ್ ಮೂಲಕ ಹೋಗಿದ್ದಾರೆ. ಆ ವರ್ಷ ಸೀಟುಗಳಿವೆಯೇ ಎಂದು ಕೇಳಿ ನೋಡುವುದಕ್ಕೆ ಖರ್ಚಿಲ್ಲ.

ಮೂರನೆಯದು ಕೋರಮಂಗಲ, ಎಂ.ಜಿ. ರಸ್ತೆಯ ಕನ್ಸಲ್ಟೆನ್ಸಿಗಳು ಮಾರುವ ಅಮೆರಿಕದ ಜೆ-1 ಪ್ಯಾಕೇಜು. ಜೆ-1 ಎಂದರೆ ವಿನಿಮಯಕ್ಕೆ ಬರುವವರಿಗೆ ಅಮೆರಿಕ ಕೊಡುವ ವೀಸಾ. ಕನ್ಸಲ್ಟೆನ್ಸಿ ಬರೀ ಮಧ್ಯವರ್ತಿ ಎಂಬುದು ನೆನಪಿರಲಿ. ಮಗುವಿನ ಹೊಣೆ ಹೊರುವುದು ಅಮೆರಿಕದಲ್ಲಿರುವ ಸ್ಪಾನ್ಸರ್ ಸಂಸ್ಥೆ, ಡಿಎಸ್-2019 ಎಂಬ ಕಾಗದದ ಮೇಲೆ ಹೆಸರಿರುವುದು ಅದರದೇ. ಮೊದಲ ಭೇಟಿಯಲ್ಲೇ ಸ್ಪಾನ್ಸರ್ ಯಾರೆಂದು ಕೇಳಿ. ಅಮೆರಿಕದ ವಿದೇಶಾಂಗ ಇಲಾಖೆ ಮಾನ್ಯ ಸ್ಪಾನ್ಸರ್‌ಗಳ ಪಟ್ಟಿಯನ್ನು ಪ್ರಕಟಿಸುತ್ತದೆ, ಸಿಎಸ್‌ಐಇಟಿ ಎಂಬ ಮಂಡಳಿಯೂ ಪರಿಶೀಲಿಸಿದ ಸಂಸ್ಥೆಗಳ ಪಟ್ಟಿ ಇಟ್ಟಿದೆ. ಹೆಸರು ಹೇಳಲು ತಡವರಿಸಿದರೆ ಎದ್ದು ಬನ್ನಿ. ಜೆ-1ರಲ್ಲಿ ಹೋಸ್ಟ್ ಮನೆಗೆ ಹಣ ಕೊಡುವ ಪದ್ಧತಿಯೇ ಇಲ್ಲ. ಆದ್ದರಿಂದ ರಸೀದಿಯಲ್ಲಿ ‘ಹೋಸ್ಟ್ ಫ್ಯಾಮಿಲಿ ಫೀ’ ಎಂಬ ಸಾಲು ಕಂಡರೆ ಅದು ಯಾರ ಜೇಬಿಗೆ ಎಂದು ಕೇಳಲೇಬೇಕು.

ನಾಲ್ಕನೆಯದು ಹಣ ಕೊಟ್ಟು ಇರುವ ಹೋಮ್‌ಸ್ಟೇ. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಇದೇ ಹೆಚ್ಚು. ಕೆನಡಾದಲ್ಲಿ ಸ್ಕೂಲ್ ಡಿಸ್ಟ್ರಿಕ್ಟ್‌ಗಳೇ ವಿದೇಶಿ ವಿದ್ಯಾರ್ಥಿಗಳಿಗೆ ಶುಲ್ಕ ಪಡೆದು ಸೀಟು ಕೊಡುತ್ತವೆ, ಮನೆಯ ಬಾಡಿಗೆ ತಿಂಗಳ ಲೆಕ್ಕದಲ್ಲಿ ಬೇರೆ. ಅಪ್ರಾಪ್ತರಿಗೆ ಅಲ್ಲೊಬ್ಬ ಕಸ್ಟೋಡಿಯನ್, ಅಂದರೆ ಹೊಣೆ ಹೊರುವ ಪಾಲಕ ಬೇಕು, ಅದನ್ನು ಒಪ್ಪಿ ನೋಟರಿ ಮಾಡಿಸಿದ ಐಎಂಎಂ 5646 ನಮೂನೆ ಬೇಕು. ಆಸ್ಟ್ರೇಲಿಯಾ 18 ದಾಟದವರಿಗೆ ಪಾಲನೆಯ ಏರ್ಪಾಡಿನ ಪತ್ರವಿಲ್ಲದೆ ವೀಸಾ ಕೊಡುವುದಿಲ್ಲ. ಹಣ ಕೊಡುವುದರಿಂದ ಸ್ವಂತ ಕೋಣೆ, ಸಸ್ಯಾಹಾರ, ಶಾಲೆಗೆ ಹತ್ತಿರದ ಮನೆ ಎಂದು ಕೇಳುವ ಹಕ್ಕಿರುತ್ತದೆ. ಕಳೆದುಕೊಳ್ಳುವುದೂ ಇದೆ: ಕೆಲವು ಮನೆಗಳಲ್ಲಿ ಮಗು ಪಿಜಿಯಲ್ಲಿದ್ದಂತೆ ಇರುತ್ತದೆ, ಊಟ ಮೈಕ್ರೋವೇವ್‌ನಲ್ಲಿ, ಮಾತು ಮೆಟ್ಟಿಲ ಮೇಲೆ ಎದುರಾದಾಗ. ಓದು ಮುಖ್ಯವಾದವರಿಗೆ ಇದು ಸರಿ. ಇನ್ನೊಂದು ಮನೆಯ ಮಗುವಾಗಿ ಬದುಕುವುದು ಬೇಕಾದವರಿಗೆ ರೋಟರಿ ಅಥವಾ ಎಎಫ್‌ಎಸ್‌ ಮೇಲು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮನೆಯ ತಪಾಸಣೆ ಹೇಗಿರಬೇಕು

ಈ ವಿಷಯದಲ್ಲಿ ಅಮೆರಿಕದ ಜೆ-1 ನಿಯಮಗಳು ಸ್ಪಷ್ಟವಾಗಿವೆ. ಬೇರೆ ದೇಶಕ್ಕೆ ಹೋಗುವವರೂ ಇವನ್ನೇ ಮಾದರಿಯಾಗಿಟ್ಟುಕೊಂಡು ಪ್ರಶ್ನೆ ಕೇಳಬಹುದು. ಸಂಸ್ಥೆಯವರು ಹೋಸ್ಟ್ ಮನೆಗೆ ಖುದ್ದಾಗಿ ಹೋಗಿ ಕುಟುಂಬದವರನ್ನೆಲ್ಲ ಕೂರಿಸಿ ಮಾತಾಡಬೇಕು, ಮನೆಯ ಒಳಹೊರಗಿನ ಫೋಟೋ ತೆಗೆಯಬೇಕು. ಮನೆಯಲ್ಲಿರುವ 18 ತುಂಬಿದ ಪ್ರತಿಯೊಬ್ಬರ ಅಪರಾಧ ಹಿನ್ನೆಲೆ ತಪಾಸಣೆಯಾಗಬೇಕು. ಮಗುವಿಗೆ ಪ್ರತ್ಯೇಕ ಮಂಚ ಇರಬೇಕು, ಸೋಫಾವನ್ನು ಬಿಚ್ಚಿ ಮಾಡಿದ್ದಾಗಲಿ ಗಾಳಿ ತುಂಬಿದ ಹಾಸಿಗೆಯಾಗಲಿ ಸಲ್ಲದು. ಕೋಣೆ ಹಂಚಿಕೊಳ್ಳಬಹುದು, ಆದರೆ ಒಬ್ಬರ ಜೊತೆ ಮಾತ್ರ, ಅವರೂ ಹುಡುಗಿಗೆ ಹುಡುಗಿ, ಹುಡುಗನಿಗೆ ಹುಡುಗ. ಶಾಲೆಯ ಲಿಖಿತ ಒಪ್ಪಿಗೆ ಮೊದಲೇ ಕೈಯಲ್ಲಿರಬೇಕು. ಲೋಕಲ್ ಕೋಆರ್ಡಿನೇಟರ್, ಅಂದರೆ ಮಗುವಿನ ಮೇಲೆ ಕಣ್ಣಿಡುವ ಸಂಸ್ಥೆಯ ಸ್ಥಳೀಯ ಪ್ರತಿನಿಧಿ, ಮನೆಯಿಂದ 120 ಮೈಲಿಯೊಳಗೆ ಇರಬೇಕು. ಅಂದರೆ ಸುಮಾರು 190 ಕಿಲೋಮೀಟರ್, ಹೆಚ್ಚುಕಡಿಮೆ ಬೆಂಗಳೂರಿನಿಂದ ಹಾಸನದ ದೂರ. ನಿಯಮದ ಮಟ್ಟಿಗೆ ಅದು ಸಾಕು, ರಾತ್ರಿ ಹತ್ತು ಗಂಟೆಗೆ ಅಳುತ್ತ ಕರೆ ಮಾಡಿದ ಮಗುವಿಗೆ ಅದು ಬಹಳ ದೂರ. ಒಂದು ಗಂಟೆಯ ಹಾದಿಯಲ್ಲಿರುವ ಕೋಆರ್ಡಿನೇಟರ್ ಸಿಕ್ಕರೆ ಶಾಲೆಯ ಹೆಸರಿಗಿಂತ ಹೆಚ್ಚಿನ ಬೆಲೆ ಅದಕ್ಕೆ ಕೊಡಿ. ಕೋಆರ್ಡಿನೇಟರ್ ತಿಂಗಳಿಗೊಮ್ಮೆ ಮಗುವಿನ ಜೊತೆ, ಕುಟುಂಬದ ಜೊತೆ ಬೇರೆಬೇರೆಯಾಗಿ ಮಾತಾಡಲೇಬೇಕು. ತಲುಪಿದ ಮೊದಲ ಎರಡು ತಿಂಗಳಲ್ಲಿ ಇನ್ನೊಮ್ಮೆ ಮನೆಭೇಟಿ ಆಗಬೇಕು, ಮೊದಲು ಬಂದವರನ್ನು ಬಿಟ್ಟು ಬೇರೊಬ್ಬರು ಬರಬೇಕು. ಆ ಭೇಟಿ ಆಯಿತೇ ಎಂದು ಅಕ್ಟೋಬರಿನಲ್ಲಿ ಮಗುವನ್ನು ಕೇಳಿ. ಆಗಿಲ್ಲವೆಂದರೆ ಸಂಸ್ಥೆಗೆ ಬರೆಯಿರಿ.

ಒಂಟಿ ವ್ಯಕ್ತಿಯ ಮನೆ, ಮಕ್ಕಳಿಲ್ಲದ ಮನೆ ಎಂದರೆ ನಮ್ಮವರು ಗಾಬರಿಯಾಗುತ್ತಾರೆ. ಮಕ್ಕಳಿಲ್ಲದ ಒಂಟಿ ವಯಸ್ಕರ ಮನೆಗೆ ಹೆಚ್ಚುವರಿ ಪರಿಶೀಲನೆ ಕಡ್ಡಾಯ, ಮಗು ಮತ್ತು ನೀವು ಮೊದಲೇ ಬರವಣಿಗೆಯಲ್ಲಿ ಒಪ್ಪಬೇಕು. ಬೇಡವೆನ್ನಲೂ ನಿಮಗೆ ಹಕ್ಕಿದೆ. ಮಕ್ಕಳು ಬೆಳೆದು ಹೊರಟುಹೋದ ಹಿರಿಯ ದಂಪತಿಯ ಮನೆ ಮಾತ್ರ ಹಲವು ಸಲ ಅತ್ಯುತ್ತಮ: ಅವರಿಗೆ ಸಮಯವಿರುತ್ತದೆ, ಮಾತು ಬೇಕಿರುತ್ತದೆ. ಸಮವಯಸ್ಸಿನ ಮಕ್ಕಳಿರುವ ಮನೆಯೇ ಬೇಕೆಂಬ ಹಟ ಎಲ್ಲ ಸಲ ಒಳ್ಳೆಯದಲ್ಲ. ಆ ಮನೆಯ ಹುಡುಗಿಗೆ ತನ್ನ ಗೆಳತಿಯರನ್ನು, ಕೋಣೆಯನ್ನು ಹಂಚಿಕೊಳ್ಳುವ ಮನಸ್ಸಿಲ್ಲದಿದ್ದರೆ ಬಿರುಕು ಮೊದಲು ಬಿಡುವುದು ಅಲ್ಲೇ.

ವಯಸ್ಸು, ಪಿಯುಸಿ, ಒಂದು ವರ್ಷದ ಲೆಕ್ಕ

ಜೆ-1ಗೆ ಕಾರ್ಯಕ್ರಮ ಶುರುವಾಗುವ ದಿನ 15 ತುಂಬಿರಬೇಕು, ಹದಿನೆಂಟೂವರೆ ದಾಟಿರಬಾರದು, ಎಲ್‌ಕೆಜಿ ಯುಕೆಜಿ ಬಿಟ್ಟು 11 ವರ್ಷಕ್ಕಿಂತ ಹೆಚ್ಚು ಓದಿರಬಾರದು. ಅಂದರೆ ಹತ್ತನೆಯ ತರಗತಿ ಮುಗಿಸಿದವರು, ಪ್ರಥಮ ಪಿಯುಸಿ ಮುಗಿಸಿದವರು ಹೋಗಬಹುದು. ದ್ವಿತೀಯ ಪಿಯುಸಿ ಮುಗಿದರೆ ಬಾಗಿಲು ಮುಚ್ಚಿತು. ರೋಟರಿಯದೂ ಹೆಚ್ಚುಕಡಿಮೆ ಇದೇ ವಯಸ್ಸು.

ಎಸ್ಸೆಸ್ಸೆಲ್ಸಿ ಮುಗಿದ ಕೂಡಲೇ ಹೊರಡುವುದು ಎಲ್ಲಕ್ಕಿಂತ ಸುರಕ್ಷಿತ. ಮಾರ್ಚ್–ಏಪ್ರಿಲ್‌ಗೆ ಪರೀಕ್ಷೆ ಮುಗಿಯುತ್ತದೆ, ಆಗಸ್ಟ್‌ನಲ್ಲಿ ಅಮೆರಿಕ, ಯುರೋಪಿನ ಶಾಲೆ ಶುರುವಾಗುತ್ತದೆ. ಮುಂದಿನ ಜೂನ್‌ಗೆ ಮರಳಿ ಪ್ರಥಮ ಪಿಯುಸಿಗೆ ಸೇರಬಹುದು. ಒಂದು ವರ್ಷ ಹೋಗುತ್ತದೆ, ನಿಜ. ಆ ಒಂದು ವರ್ಷದ ಭಯಕ್ಕೆ ಎಷ್ಟೋ ಮನೆಗಳಲ್ಲಿ ಈ ಮಾತೇ ನಿಂತುಹೋಗುತ್ತದೆ. ಲೆಕ್ಕ ಹಾಕಿ ನೋಡಿ: ಜೆಇಇ ಮೇನ್‌ನ ಪ್ರಯತ್ನಗಳನ್ನು ಎಣಿಸುವುದು ಹನ್ನೆರಡನೆಯ ತರಗತಿ ಮುಗಿದ ವರ್ಷದಿಂದ, ನೀಟ್‌ಗೆ ಇರುವುದು 17 ವರ್ಷದ ಕನಿಷ್ಠ ವಯಸ್ಸಿನ ನಿಯಮ. ಹತ್ತು ಮತ್ತು ಹನ್ನೊಂದರ ನಡುವಿನ ಖಾಲಿ ವರ್ಷ ಇವೆರಡಕ್ಕೂ ಅಡ್ಡ ಬರುವುದಿಲ್ಲ. ಸಿಇಟಿಯ ಸರ್ಕಾರಿ ಸೀಟಿಗೆ ಕರ್ನಾಟಕದಲ್ಲಿ 7 ವರ್ಷ ಓದಿರಬೇಕೆಂಬ ಷರತ್ತಿದೆ, ಒಂದನೆಯ ತರಗತಿಯಿಂದ ಇಲ್ಲೇ ಓದಿದ ಮಗುವಿಗೆ ಆ ಚಿಂತೆಯೂ ಇಲ್ಲ.

ಪ್ರಥಮ ಮತ್ತು ದ್ವಿತೀಯ ಪಿಯುಸಿ ನಡುವೆ ಹೋಗುವುದು ಕಷ್ಟದ ದಾರಿ. ಹನ್ನೊಂದರ ಗಣಿತ, ಭೌತಶಾಸ್ತ್ರ ಮರೆತು ಬಂದು ನೇರ ಹನ್ನೆರಡಕ್ಕೆ ಕೂರಬೇಕು, ಕಾಲೇಜು ಸೀಟು ಹಿಡಿದಿಡುತ್ತದೆಂಬ ಖಾತ್ರಿಯೂ ಇಲ್ಲ. ಅಲ್ಲಿನ ಹನ್ನೊಂದನ್ನು ಇಲ್ಲಿ ಲೆಕ್ಕಕ್ಕೆ ಹಿಡಿದು ವರ್ಷ ಉಳಿಸಬಹುದು ಎಂದು ಯಾರಾದರೂ ಹೇಳಿದರೆ, ಮಗು ಸೇರಬೇಕಾದ ಕಾಲೇಜಿನ ಪ್ರಾಂಶುಪಾಲರಿಂದ ಅದನ್ನು ಬರೆಸಿಕೊಳ್ಳಿ. ಬಾಯಿಮಾತು ಬೇಡ. ಅಮೆರಿಕದ ಶಾಲೆ ವಿನಿಮಯ ವಿದ್ಯಾರ್ಥಿಗೆ ಡಿಪ್ಲೊಮಾ ಕೊಡಲೇಬೇಕೆಂದೂ ಇಲ್ಲ.

ಜಪಾನ್ ಮತ್ತು ಜರ್ಮನಿಗೆ ಕ್ಯಾಲೆಂಡರ್ ಬೇರೆ. ಜಪಾನಿನ ಶಾಲಾ ವರ್ಷ ಏಪ್ರಿಲ್‌ನಲ್ಲಿ ಶುರು. ಮಾರ್ಚ್‌ನಲ್ಲಿ ಹೊರಡುವ ತಂಡ ನಮ್ಮ ಪರೀಕ್ಷೆಗೆ ಡಿಕ್ಕಿ ಹೊಡೆಯುತ್ತದೆ, ಆಗಸ್ಟ್ ತಂಡವಿದೆಯೇ ಕೇಳಿ. ಜರ್ಮನಿಯಲ್ಲಿ ಬೇಸಿಗೆ ರಜೆ ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ, ಕೆಲವೆಡೆ ಜುಲೈ ಕೊನೆಯವರೆಗೂ ಪಾಠ ನಡೆಯುತ್ತದೆ. ಅಷ್ಟರಲ್ಲಿ ಇಲ್ಲಿ ಪಿಯುಸಿ ಶುರುವಾಗಿ ಎರಡು ತಿಂಗಳಾಗಿರುತ್ತದೆ, ಶೇ 75 ಹಾಜರಾತಿಯ ಪ್ರಶ್ನೆ ಏಳುತ್ತದೆ.

ಅರ್ಜಿ ಹಾಕುವ ಕಾಲವನ್ನು ತಪ್ಪಿಸಿಕೊಳ್ಳುವವರೇ ಬಹಳ. ಮುಂದಿನ ಆಗಸ್ಟ್‌ಗೆ ಹೊರಡಬೇಕೆಂದರೆ ಮಗು ಹತ್ತನೆಯ ತರಗತಿಯಲ್ಲಿರುವಾಗ, ದಸರಾ ದೀಪಾವಳಿಯ ಹೊತ್ತಿಗೇ ಅರ್ಜಿ ಶುರುವಾಗಿರಬೇಕು. ಫಲಿತಾಂಶ ಬಂದ ಮೇಲೆ ಮೇ ತಿಂಗಳಲ್ಲಿ ವಿಚಾರಿಸಿದರೆ ಉಳಿದಿರುವುದು ಯಾರೂ ಬೇಡವೆಂದ ಮನೆಗಳು, ಇಲ್ಲವೇ ದುಬಾರಿ ಪ್ಯಾಕೇಜುಗಳು.

ಹೋಸ್ಟ್ ಮನೆಗೆ ಬರೆಯುವ ಪತ್ರ, ಮತ್ತು ಊಟ

ಕುಟುಂಬಗಳು ಮಗುವನ್ನು ಆರಿಸುವುದು ಅಂಕಪಟ್ಟಿ ನೋಡಿ ಅಲ್ಲ, ಮಗು ಬರೆದ ಪತ್ರ ಮತ್ತು ನಾಲ್ಕಾರು ಫೋಟೋ ನೋಡಿ. ಬೆಂಗಳೂರಿನಿಂದ ಹೋಗುವ ಪತ್ರಗಳ ದೊಡ್ಡ ದೋಷ ಎಂದರೆ ಅವು ಕಾಲೇಜು ಅರ್ಜಿಯಂತಿರುತ್ತವೆ: ಒಲಿಂಪಿಯಾಡ್ ರ‍್ಯಾಂಕು, ಚರ್ಚಾಸ್ಪರ್ಧೆಯ ಬಹುಮಾನ. ಓದುವವರಿಗೆ ಬೇಕಿರುವುದು ಈ ಮಗು ಭಾನುವಾರ ಬೆಳಿಗ್ಗೆ ಏನು ಮಾಡುತ್ತದೆ, ಮನೆಯಲ್ಲಿ ಯಾವ ಕೆಲಸ ಇದರದು, ನಾಯಿ ಕಂಡರೆ ಹೆದರುತ್ತದೆಯೇ, ಬೇಸರವಾದಾಗ ಸುಮ್ಮನಾಗುತ್ತದೆಯೇ ಮಾತಾಡುತ್ತದೆಯೇ ಎಂಬುದು. ನಾಯಿ ಬೆಕ್ಕಿನ ವಿಷಯ ನಿಜ ಹೇಳಿ. ಅಲ್ಲಿ ನಾಯಿ ಗೇಟಿನ ಬಳಿ ಇರುವುದಿಲ್ಲ, ಸೋಫಾದ ಮೇಲೆ ಇರುತ್ತದೆ.

ಊಟದ ವಿಷಯದಲ್ಲಿ ‘ಶುದ್ಧ ಸಸ್ಯಾಹಾರಿ’ ಎಂದು ಬರೆದು ಸುಮ್ಮನಾದರೆ ಎರಡು ತೊಂದರೆ. ಕೆಲವು ಮನೆಗಳು ಕಷ್ಟವೆಂದು ಹಿಂದೆ ಸರಿಯುತ್ತವೆ, ಒಪ್ಪಿದವರು ಅವರವರಿಗೆ ತೋಚಿದ ಅರ್ಥ ಮಾಡಿಕೊಳ್ಳುತ್ತಾರೆ. ಮೀನು ಸಸ್ಯಾಹಾರವೆಂದು ಬಡಿಸುವವರೂ ಇದ್ದಾರೆ. ಬಿಡಿಸಿ ಬರೆಯಿರಿ: ಮೊಟ್ಟೆ ಬೇಡ, ಕೇಕಿನಲ್ಲಿದ್ದರೆ ಸರಿ, ಅದೇ ಮೇಜಿನಲ್ಲಿ ಬೇರೆಯವರು ಮಾಂಸ ತಿಂದರೆ ತೊಂದರೆಯಿಲ್ಲ, ಒಂದೇ ಫ್ರಿಜ್ ಆಗುತ್ತದೆ, ಒಂದೇ ಬಾಣಲೆ ತೊಳೆದು ಬಳಸಿದರೆ ಆಗುತ್ತದೆ ಅಥವಾ ಆಗುವುದಿಲ್ಲ, ವಾರಕ್ಕೆ ಎರಡು ಸಲ ನಾನೇ ಅಡುಗೆ ಮಾಡುತ್ತೇನೆ. ಕೊನೆಯ ಸಾಲು ಬಾಗಿಲು ತೆರೆಸುತ್ತದೆ. ಬಾಣಲೆ ಹಂಚಿಕೊಳ್ಳಲು ಮನಸ್ಸೊಪ್ಪದ ಮಗುವಿಗೆ ಹಣ ಕೊಡುವ ಹೋಮ್‌ಸ್ಟೇಯೇ ಸರಿ, ಸ್ವಯಂಸೇವಕ ಕುಟುಂಬದಿಂದ ಅಷ್ಟನ್ನು ನಿರೀಕ್ಷಿಸುವುದು ನ್ಯಾಯವಲ್ಲ.

ಕಣ್ಣಿಗೆ ಕಾಣದ ಮಾಂಸ ಎಲ್ಲೆಲ್ಲಿದೆ ಎಂದು ಮಗುವಿಗೆ ಗೊತ್ತಿರಲಿ. ತರಕಾರಿ ಸೂಪಿಗೂ ಕೋಳಿ ಸಾರು ಹಾಕುತ್ತಾರೆ. ಕೆಲವು ಮೊಸರಿನಲ್ಲಿ, ಮಾರ್ಷ್‌ಮೆಲ್ಲೋದಲ್ಲಿ ಜೆಲಟಿನ್ ಇರುತ್ತದೆ. ಡಬ್ಬಿಯ ಬೀನ್ಸ್, ಟಾರ್ಟಿಯಾಗಳಲ್ಲಿ ಹಂದಿ ಕೊಬ್ಬು ಇರಬಹುದು. ಜಪಾನಿನಲ್ಲಿ ಸಾರು, ಸಾಸ್, ಬೇಯಿಸಿದ ತರಕಾರಿ ಎಲ್ಲಕ್ಕೂ ತಳಪಾಯವಾದ ದಾಶಿ ಸಾಮಾನ್ಯವಾಗಿ ಒಣಮೀನಿನದು. ಕಟ್ಟುನಿಟ್ಟಿನ ಸಸ್ಯಾಹಾರಿಗೆ ಜಪಾನ್ ನಿಜಕ್ಕೂ ಕಷ್ಟ. ಜರ್ಮನಿಯಲ್ಲಿ ಅನೇಕ ಮನೆಗಳ ರಾತ್ರಿಯೂಟ ಬ್ರೆಡ್, ಚೀಸ್, ತಣ್ಣನೆಯ ತಿನಿಸು. ಬಿಸಿ ಅನ್ನ ಕಾಯುತ್ತ ಕೂರಬಾರದು.

ಹೊರಡುವ ಮೊದಲು ಮೂರು ಅಡುಗೆ ಕೈಗೆ ಹತ್ತಿರಲಿ: ಚಿತ್ರಾನ್ನ, ಉಪ್ಪಿಟ್ಟು, ಬೇಳೆ ಸಾರು. ಅಮೆರಿಕದ ಅಂಗಡಿಯ ಕ್ರೀಮ್ ಆಫ್ ವೀಟ್ ನಯವಾದ ರವೆಯೇ, ಹುರಿದುಕೊಂಡರೆ ಉಪ್ಪಿಟ್ಟಾಗುತ್ತದೆ. ಒಂದು ಎಚ್ಚರಿಕೆ: ಒಗ್ಗರಣೆಯ ಹೊಗೆಗೆ ಸ್ಮೋಕ್ ಅಲಾರಂ ಕೂಗುತ್ತದೆ. ಎಣ್ಣೆ ಹೊಗೆಯಾಡುವಷ್ಟು ಕಾಯಿಸದೆ ಮಧ್ಯಮ ಉರಿಯಲ್ಲಿ ಸಾಸಿವೆ ಹಾಕಿ ಮುಚ್ಚಳ ಮುಚ್ಚಬೇಕು, ಎಕ್ಸಾಸ್ಟ್ ಫ್ಯಾನ್ ಮೊದಲೇ ಹಾಕಿರಬೇಕು, ಒಣಮೆಣಸಿನಕಾಯಿ ಕೊನೆಗೆ. ಎಲೆಕ್ಟ್ರಿಕ್ ಒಲೆ ಆರಿಸಿದ ಮೇಲೂ ನಿಮಿಷಗಟ್ಟಲೆ ಬಿಸಿ ಇರುತ್ತದೆ, ಆದ್ದರಿಂದ ಪಾತ್ರೆಯನ್ನೇ ಪಕ್ಕಕ್ಕೆ ಎತ್ತಿಡಬೇಕು. ಅರಿಶಿನ ಬಿದ್ದ ಬಿಳಿ ಕೌಂಟರ್ ತಕ್ಷಣ ಒರೆಸದಿದ್ದರೆ ಕಲೆ ಉಳಿಯುತ್ತದೆ.

ಸೂಟ್‌ಕೇಸಿಗೆ ಸಾರಿನ ಪುಡಿ, ಚಟ್ನಿಪುಡಿ ಸರಿ. ಹಸಿ ಕರಿಬೇವಿನ ಸೊಪ್ಪನ್ನು ಅಮೆರಿಕದೊಳಗೆ ಬಿಡುವುದಿಲ್ಲ, ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟ ಅದರ ಜೊತೆ ಬರುತ್ತದೆಂಬ ಕಾರಣಕ್ಕೆ. ಭಾರತದಿಂದ ಪ್ರಯಾಣಿಕರು ತರುವ ಅಕ್ಕಿ, ಕಡಲೆಕಾಳಿಗೂ ಖಪ್ರಾ ಎಂಬ ಹುಳುವಿನಿಂದಾಗಿ ನಿಷೇಧವಿದೆ. ಒಣ ಕೊಬ್ಬರಿ ಗಿಟುಕು ವಿಮಾನದ ಲಗೇಜಿಗೆ ಬೇಡ, ಎಣ್ಣೆಯಂಶದಿಂದ ಹೊತ್ತಿಕೊಳ್ಳುವ ವಸ್ತುವೆಂದು ಅದನ್ನು ಕೆಂಪೇಗೌಡ ನಿಲ್ದಾಣದಲ್ಲೇ ತೆಗೆಸುತ್ತಾರೆ. ಅಮೆರಿಕದಲ್ಲಿ 120 ವೋಲ್ಟ್. ನಮ್ಮ 230 ವೋಲ್ಟಿನ ಮಿಕ್ಸಿ, ಇಸ್ತ್ರಿಪೆಟ್ಟಿಗೆ ಒಯ್ದು ಪ್ರಯೋಜನವಿಲ್ಲ.

ಮನೆಯೊಳಗೆ ಎಡವುವ ಜಾಗಗಳು

ಜಗಳ ಹುಟ್ಟುವುದು ಧರ್ಮ ಸಂಸ್ಕೃತಿಗಳಂಥ ದೊಡ್ಡ ವಿಷಯಕ್ಕಲ್ಲ. ಬಚ್ಚಲುಮನೆಗೆ. ಅಮೆರಿಕ, ಯುರೋಪಿನ ಬಚ್ಚಲಿನ ನೆಲದಲ್ಲಿ ನೀರು ಹೋಗುವ ಮೋರಿ ಸಾಮಾನ್ಯವಾಗಿ ಇರುವುದಿಲ್ಲ. ಶವರ್ ಪರದೆಯ ಅಂಚು ಟಬ್ಬಿನ ಒಳಗಿರಬೇಕು, ಹೊರಗೆ ಬಿಟ್ಟರೆ ನೀರು ನೆಲಕ್ಕಿಳಿದು ಕೆಳಗಿನ ಕೋಣೆಯ ಸೂರಿಗೆ ಸೋರುತ್ತದೆ. ಸ್ನಾನಕ್ಕೆ ಹತ್ತು ನಿಮಿಷ ಸಾಕು, ಬಿಸಿನೀರಿನ ಟ್ಯಾಂಕ್ ಒಂದೇ ಇದ್ದು ನಂತರದವರಿಗೆ ತಣ್ಣೀರು ಬರುತ್ತದೆ. ಜಪಾನಿನಲ್ಲಿ ಇದಕ್ಕೆ ತಿರುಗುಮುರುಗು: ಹೊರಗೆ ಕೂತು ಸೋಪು ಹಚ್ಚಿ ಪೂರ್ತಿ ತೊಳೆದುಕೊಂಡ ಮೇಲೆ ತೊಟ್ಟಿಗೆ ಇಳಿಯಬೇಕು, ಆ ನೀರನ್ನು ಬಿಟ್ಟುಬಿಡಬಾರದು, ಮನೆಯವರೆಲ್ಲ ಅದರಲ್ಲೇ ಕೂರುತ್ತಾರೆ. ತಲೆಗೆ ಎಣ್ಣೆ ಹಚ್ಚುವ ಮಕ್ಕಳು ತಮ್ಮದೇ ಎರಡು ದಿಂಬಿನ ಚೀಲ ಒಯ್ಯಲಿ.

ಡಿಶ್‌ವಾಷರಿಗೆ ಕೈಯಲ್ಲಿ ಪಾತ್ರೆ ತೊಳೆಯುವ ದ್ರವ ಹಾಕಿದರೆ ನೊರೆ ಅಡುಗೆಮನೆಯ ತುಂಬ ಹರಿಯುತ್ತದೆ, ಅದರ ಪುಡಿ ಅಥವಾ ಗುಳಿಗೆಯೇ ಬೇರೆ. ಬೆಂಗಳೂರಿನ ಅನೇಕ ಮಕ್ಕಳು ತಿಂದ ತಟ್ಟೆ ಎತ್ತಿದವರಲ್ಲ, ಮನೆಗೆಲಸದವರು ಬರುತ್ತಾರೆ. ಹೋಸ್ಟ್ ಮನೆಯಲ್ಲಿ ಎತ್ತದ ತಟ್ಟೆಗೆ ಮೊದಲ ವಾರ ಯಾರೂ ಏನೂ ಅನ್ನುವುದಿಲ್ಲ. ಆರನೆಯ ವಾರ ಅದು ಕೋಆರ್ಡಿನೇಟರ್ ಕಿವಿಗೆ ಬಿದ್ದಿರುತ್ತದೆ. ಹೊರಡುವ ಆರು ತಿಂಗಳ ಮೊದಲೇ ಬಟ್ಟೆ, ಹಾಸಿಗೆ, ತಟ್ಟೆ, ಬಚ್ಚಲು ಈ ನಾಲ್ಕೂ ಮಗುವಿನ ಕೆಲಸವಾಗಲಿ.

ಬಡಿಸುವಾಗ ನಾವು ಬೇಡ ಬೇಡ ಅನ್ನುತ್ತ ಮೂರನೆಯ ಸಲಕ್ಕೆ ಹಾಕಿಸಿಕೊಳ್ಳುತ್ತೇವೆ. ಅಲ್ಲಿ ಒಂದು ಸಲ ಬೇಡವೆಂದರೆ ಪಾತ್ರೆ ಮುಂದೆ ಹೋಯಿತು. ಹಸಿದು ಮಲಗಿದ ಮಕ್ಕಳಲ್ಲಿ ಎಷ್ಟೋ ಜನ ಈ ಬೇಡದಿಂದಲೇ ಹಸಿದವರು. ಹೋಸ್ಟ್ ತಂದೆ ತಾಯಿಯನ್ನು ಏನೆಂದು ಕರೆಯಬೇಕು ಎಂದು ಮೊದಲ ದಿನವೇ ಕೇಳಬೇಕು. ಹಿರಿಯರನ್ನು ಹೆಸರು ಹಿಡಿದು ಕರೆಯಲು ನಮ್ಮ ಮಕ್ಕಳಿಗೆ ನಾಲಗೆ ಏಳುವುದಿಲ್ಲ, ಹಾಗೆಂದು ಏನೂ ಕರೆಯದೆ ತಿಂಗಳು ಕಳೆದರೆ ಅದು ಅವರಿಗೆ ತಾತ್ಸಾರವಾಗಿ ಕಾಣುತ್ತದೆ. ಕೋಣೆಯ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಕೂರುವುದೂ ಹಾಗೆಯೇ.

ಫೋನ್ ವಿಷಯಕ್ಕೆ ಪೋಷಕರೂ ಹೊಣೆ. ಅಮೆರಿಕದ ಪೂರ್ವ ತೀರ ಬೇಸಿಗೆಯಲ್ಲಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಹತ್ತೂವರೆ. ಇಲ್ಲಿ ಬೆಳಗಿನ ಕಾಫಿ ಹೊತ್ತಿಗೆ ಕರೆ ಮಾಡಿದರೆ ಅಲ್ಲಿ ಮನೆಯವರೆಲ್ಲ ಒಟ್ಟಿಗಿರುವ ಸಂಜೆ. ದಿನವೂ ಆ ಸಂಜೆಯನ್ನು ಕಿತ್ತುಕೊಂಡರೆ ಮಗು ಎರಡೂ ಮನೆಯದಾಗುವುದಿಲ್ಲ. ವಾರಕ್ಕೊಂದು ಕರೆ, ಶನಿವಾರ ಅಥವಾ ಭಾನುವಾರ, ಅರ್ಧ ಗಂಟೆ. ಮನೆ ನೆನಪು ಜೋರಾಗಿ ಕಾಡುವುದು ಮೊದಲ ಆರು ವಾರ, ಆಮೇಲೆ ದೀಪಾವಳಿಯಿಂದ ಕ್ರಿಸ್‌ಮಸ್‌ವರೆಗೆ. ಊಟದ ದೂರನ್ನು ಹೋಸ್ಟ್ ತಾಯಿಗೆ ನೇರ ವಾಟ್ಸಾಪ್ ಮಾಡಬೇಡಿ, ಮಗು ತಾನೇ ಹೇಳಲಿ, ಆಗದಿದ್ದರೆ ಕೋಆರ್ಡಿನೇಟರ್ ಮೂಲಕ ಹೋಗಲಿ.

ಮನೆ ಬದಲಿಸಬೇಕಾದಾಗ

ಸೇವೆಯ ನಿಜವಾದ ಪರೀಕ್ಷೆ ಇಲ್ಲಿ. ಸಹಿ ಹಾಕುವ ಮೊದಲು ಕೇಳಿ: ಬದಲಿ ಮನೆ ಸಿಗುವವರೆಗೆ ಮಗು ಎಲ್ಲಿರುತ್ತದೆ? ತಾತ್ಕಾಲಿಕ ಮನೆಗೂ ಅದೇ ತಪಾಸಣೆ ಆಗಿರುತ್ತದೆಯೇ? ಶಾಲೆ ಬದಲಾಗುತ್ತದೆಯೇ? ಎಷ್ಟು ಎಚ್ಚರಿಕೆ ಪತ್ರಗಳ ನಂತರ ವಾಪಸು ಕಳಿಸುತ್ತೀರಿ, ಆಗಿನ ಟಿಕೆಟ್ ಯಾರದು, ಶುಲ್ಕದಲ್ಲಿ ಎಷ್ಟು ಮರಳುತ್ತದೆ? ಈ ಆರಕ್ಕೂ ಬರವಣಿಗೆಯಲ್ಲಿ ಉತ್ತರ ಕೊಡುವ ಸಂಸ್ಥೆಗೆ ನಾವು ಪೂರ್ತಿ ಅಂಕ ಕೊಡುತ್ತೇವೆ. ‘ನಮ್ಮಲ್ಲಿ ಅಂಥದ್ದೇನೂ ಆಗುವುದಿಲ್ಲ’ ಎಂದವರಿಗೆ ಒಂದೂ ಇಲ್ಲ, ಏಕೆಂದರೆ ಎಲ್ಲ ಸಂಸ್ಥೆಗಳಲ್ಲೂ ಆಗುತ್ತದೆ. ಮನೆ ಬದಲಾಗುವುದು ಅವಮಾನವಲ್ಲ.

ಕ್ರಮ ಸಾಮಾನ್ಯವಾಗಿ ಹೀಗೆ: ಮೊದಲು ಮಗು ಮತ್ತು ಕುಟುಂಬ ಕೂತು ಮಾತಾಡಬೇಕು, ಆಮೇಲೆ ಕೋಆರ್ಡಿನೇಟರ್ ನಡುವೆ ಕೂರುತ್ತಾರೆ, ಏನು ಬದಲಾಗಬೇಕೆಂದು ಬರೆದಿಡುತ್ತಾರೆ, ಒಂದೆರಡು ವಾರ ನೋಡುತ್ತಾರೆ, ಆಗದಿದ್ದರೆ ಮನೆ ಬದಲು. ತಾಳ್ಮೆಯ ಈ ದಾರಿ ಕೋಣೆ, ಊಟ, ಮನೆಗೆಲಸ, ಕರ್ಫ್ಯೂಗಳಿಗೆ ಸರಿ. ಇವಕ್ಕೆ ನಮ್ಮೂರಿನ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೋ’ ಒಳ್ಳೆಯ ಮಾತೇ. ಆದರೆ ಅದೇ ಮಾತನ್ನು ಎಲ್ಲದಕ್ಕೂ ಹೇಳಿ ಕಳಿಸಿದರೆ ಮಗು ಹೇಳಬೇಕಾದ್ದನ್ನೂ ನುಂಗಿಕೊಳ್ಳುತ್ತದೆ. ಯಾರಾದರೂ ಮೈಮುಟ್ಟಿದರೆ, ಕೋಣೆಗೆ ಹೇಳದೆ ನುಗ್ಗಿದರೆ, ಊಟ ಕೊಡದಿದ್ದರೆ, ಕುಡಿದು ಗಾಡಿ ಓಡಿಸಿದರೆ, ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರೆ ಎರಡು ವಾರ ಕಾಯುವ ಮಾತೇ ಇಲ್ಲ, ಅವತ್ತೇ ಹೊರಡಬೇಕು. ಕೋಆರ್ಡಿನೇಟರ್, ಸ್ಪಾನ್ಸರ್‌ನ 24 ಗಂಟೆಯ ನಂಬರ್, ಅಮೆರಿಕವಾದರೆ ವಿದೇಶಾಂಗ ಇಲಾಖೆಯ ವಿದ್ಯಾರ್ಥಿ ಸಹಾಯವಾಣಿ ಮತ್ತು 911, ಯುರೋಪಿನಲ್ಲಿ 112, ಹತ್ತಿರದ ಭಾರತೀಯ ರಾಯಭಾರ ಕಚೇರಿ: ಇವು ಫೋನಿನಲ್ಲಷ್ಟೇ ಅಲ್ಲ, ಕಾಗದದಲ್ಲೂ ಪಾಸ್‌ಪೋರ್ಟಿನ ಜೊತೆ ಇರಲಿ. ಪಾಸ್‌ಪೋರ್ಟ್ ಮಗುವಿನ ಬಳಿಯೇ ಇರಬೇಕು.

ಮಗುವಿನ ತಪ್ಪಿನಿಂದಲೂ ವರ್ಷ ಮುರಿಯುತ್ತದೆ. ರೋಟರಿಯ ನಾಲ್ಕು ನಿಷೇಧಗಳು ಪ್ರಸಿದ್ಧ: ಕುಡಿತ, ಮಾದಕವಸ್ತು, ವಾಹನ ಚಾಲನೆ, ಪ್ರಣಯ. ಗೆಳೆಯರ ಕಾರಿನಲ್ಲಿ ಸ್ಟೀರಿಂಗ್ ಹಿಡಿದರೂ ಮನೆಗೆ ಟಿಕೆಟ್.

ಕಾಗದ, ಚುಚ್ಚುಮದ್ದು

ಹದಿನೈದರಿಂದ ಹದಿನೆಂಟರ ಮಕ್ಕಳು ಹತ್ತು ವರ್ಷದ ಪಾಸ್‌ಪೋರ್ಟನ್ನೇ ಕೇಳಬಹುದು. ಲಾಲ್‌ಬಾಗ್ ರಸ್ತೆ ಅಥವಾ ಮಾರತಹಳ್ಳಿಯ ಸೇವಾ ಕೇಂದ್ರಕ್ಕೆ ತಂದೆ ತಾಯಿ ಇಬ್ಬರ ಒಪ್ಪಿಗೆಯ ಅನೆಕ್ಶರ್ ಡಿ ಜೊತೆ ಹೋಗಿ. ಜರ್ಮನಿ, ಫ್ರಾನ್ಸ್, ಜಪಾನ್‌ಗಳಿಗೆ ಬೆಂಗಳೂರಿನಲ್ಲೇ ಕಾನ್ಸುಲೇಟ್ ಇದೆ. ಅಮೆರಿಕದ್ದು 2025ರ ಜನವರಿಯಲ್ಲಿ ಉದ್ಘಾಟನೆಯಾದರೂ ವೀಸಾ ಕೆಲಸ ಅದರೊಂದಿಗೇ ಶುರುವಾಗಲಿಲ್ಲ, ಸಂದರ್ಶನಕ್ಕೆ ಚೆನ್ನೈ, ಹೈದರಾಬಾದ್‌ಗಳ ದಾರಿಯನ್ನೇ ಲೆಕ್ಕಕ್ಕಿಡಿ. ಜೆ-1ಗೆ ಸೆವಿಸ್ ಎಂಬ, ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಅಮೆರಿಕದ ವ್ಯವಸ್ಥೆಯ ಶುಲ್ಕ 220 ಡಾಲರ್. ವಿಮೆ ಪ್ರತಿ ಕಾಯಿಲೆ ಅಥವಾ ಅಪಘಾತಕ್ಕೆ ಕನಿಷ್ಠ 1,00,000 ಡಾಲರ್ ಇರಬೇಕು. ಹಲ್ಲು, ಕನ್ನಡಕ ಇದರಲ್ಲಿ ಸಾಮಾನ್ಯವಾಗಿ ಸೇರುವುದಿಲ್ಲ. ಹಲ್ಲಿನ ಕೆಲಸ ಇಲ್ಲೇ ಮುಗಿಸಿ, ಎರಡು ಕನ್ನಡಕ ಒಯ್ಯಿರಿ.

ಲಸಿಕೆ ಪಟ್ಟಿಯಲ್ಲಿ ನಮ್ಮ ಮಕ್ಕಳು ಸಿಕ್ಕಿಬೀಳುವುದು ಮೂರು ಕಡೆ. ಸರ್ಕಾರಿ ಕಾರ್ಯಕ್ರಮದ ಲಸಿಕೆ ಎಂಆರ್ ದಡಾರ, ರುಬೆಲ್ಲಾಗಳದು, ಅದರಲ್ಲಿ ಮಂಗನಬಾವಿನದು ಇಲ್ಲ. ಅಮೆರಿಕದ ಶಾಲೆಗಳು ಕೇಳುವುದು ಮೂರೂ ಸೇರಿದ ಎಂಎಂಆರ್. ಸಿಡುಬೆಂದು ಜನ ತಪ್ಪಾಗಿ ಕರೆಯುವ ಚಿಕನ್‌ಪಾಕ್ಸ್‌ನ ಲಸಿಕೆಯೂ ಸರ್ಕಾರಿ ಪಟ್ಟಿಯಲ್ಲಿಲ್ಲ. ದೊಡ್ಡ ಮಕ್ಕಳಿಗೆ ಎರಡು ಡೋಸ್ ನಡುವೆ ಕನಿಷ್ಠ ನಾಲ್ಕು ವಾರ ಬೇಕು, ಜುಲೈನಲ್ಲಿ ನೆನಪಾದರೆ ಕಾಲ ಮೀರುತ್ತದೆ. ಮೂರನೆಯದು ಕ್ಷಯ ಪರೀಕ್ಷೆ: ಕ್ಷಯದ ಬಿಸಿಜಿ ಲಸಿಕೆ ಹಾಕಿಸಿಕೊಂಡ ಮಗುವಿಗೆ ಚರ್ಮದ ಪರೀಕ್ಷೆ ಸೋಂಕಿಲ್ಲದೆಯೂ ಪಾಸಿಟಿವ್ ಬರಬಹುದು, ರಕ್ತದ ಐಜಿಆರ್‌ಎ ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಂಡಿರಿ.

ರೋಟರಿಯಲ್ಲಿ ಇನ್ನೊಂದು ಮುಖವಿದೆ: ನಿಮ್ಮ ಮಗು ಹೋದಂತೆ ಅಲ್ಲಿಂದ ಒಂದು ಮಗು ಇಲ್ಲಿಗೆ ಬರುತ್ತದೆ, ಅದಕ್ಕೆ ನಿಮ್ಮ ಮನೆ ಕೇಳುತ್ತಾರೆ. ಮಗಳು ಬಿಟ್ಟುಹೋದ ಕೋಣೆಯೇ ಸಾಕು. ವಿದೇಶಿಯರು ಬಂದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಮಾಹಿತಿ ಕೊಡುವುದು ಮನೆಯವರ ಹೊಣೆ, ಫಾರ್ಮ್ ಸಿ ಎಂದು ಜನ ಕರೆಯುವುದು ಅದನ್ನೇ. ದೀರ್ಘ ವೀಸಾದವರಿಗೆ ಎಫ್‌ಆರ್‌ಆರ್‌ಒ ಎಂಬ ವಿದೇಶಿಯರ ನೋಂದಣಿ ಕಚೇರಿಯಲ್ಲಿ ನೋಂದಣಿ ಬೇರೆ ಇರುತ್ತದೆ. ಬಂದ ಮಗುವಿಗೆ ಮೊದಲ ವಾರ ಸಾರಿಗೆ ಖಾರ ಅರ್ಧ ಹಾಕಿ, ಫಿಲ್ಟರ್ ನೀರು ಯಾವುದೆಂದು ತೋರಿಸಿ, ಬಕೆಟ್ ಚೊಂಬಿನ ಸ್ನಾನ ಹೇಗೆಂದು ಹೇಳಿಕೊಡಿ. ತನ್ನ ಮಗು ಆ ದಿನ ಇನ್ನೊಂದು ಮನೆಯಲ್ಲಿ ಏನು ಪಡುತ್ತಿದೆ ಎಂದು ತಿಳಿಯಲು ಇದಕ್ಕಿಂತ ನೇರ ದಾರಿ ಇಲ್ಲ.

ಮರಳುವ ಮುನ್ನ ಮಗು ಶಾಲೆಯ ಕಚೇರಿಯಿಂದ ಎರಡು ಪ್ರತಿ ಟ್ರಾನ್ಸ್‌ಕ್ರಿಪ್ಟ್ ಮೊಹರು ಹಾಕಿಸಿ ತರಲಿ, ಹಾಜರಾತಿ ಪತ್ರ, ಅಲ್ಲಿ ಹಾಕಿಸಿಕೊಂಡ ಲಸಿಕೆಯ ದಾಖಲೆ ಕೂಡ. ಹತ್ತನೆಯ ತರಗತಿಯ ಟಿಸಿಯನ್ನು ಹೊರಡುವ ಮೊದಲೇ ಇಲ್ಲಿನ ಶಾಲೆಯಿಂದ ಬಿಡಿಸಿಕೊಂಡು ಕಪಾಟಿನಲ್ಲಿಟ್ಟಿರಿ. ಪಿಯು ಕಾಲೇಜಿನ ಅರ್ಜಿ ಮೇ ತಿಂಗಳಲ್ಲಿ ತೆರೆದಾಗ ಮಗು ಇನ್ನೂ ಅಲ್ಲೇ ಇರುತ್ತದೆ, ಸಾಲಿನಲ್ಲಿ ನಿಲ್ಲಬೇಕಾದವರು ನೀವು.